ಮೀಟಿಂಗಿಗೆ ಹೋದ ದಿನ

ಮೀಟಿಂಗ್ ಇದೆಯೆಂದರೆ ಹಿಂದಿನ ರಾತ್ರಿಯೇ ನನ್ನ ಬ್ಯಾಗು ಸಿದ್ಧವಾಗುತ್ತಿತ್ತು. ಶಾಲೆಯ ಸೀಲು, ಸ್ಟ್ಯಾಂಪ್ ಪ್ಯಾಡು, ಹಾಜರಾತಿಯ ಜೆರಾಕ್ಸು, ಹೋದ ವರ್ಷದ ಕಡತ, ಒಂದು ಬಾಟಲಿ ನೀರು, ಚಿತ್ರಾನ್ನದ ಡಬ್ಬಿ. ನಮ್ಮ ಮನೆಯವರು ನೋಡಿ, “ಏನು, ಕಾಶೀಯಾತ್ರೆಗೆ ಹೊರಟ ಹಾಗಿದೆಯಲ್ಲ” ಎಂದು ನಗುತ್ತಿದ್ದರು. ಕಾಶಿಗೆ ಹೋದರೆ ಪುಣ್ಯವಾದರೂ ಬರುತ್ತದೆ. ನಾವು ಹೋಗಿ ಬರುತ್ತಿದ್ದುದು ಒಂದು ಫಾರಂ ಕೊಟ್ಟು ಬರುವುದಕ್ಕೆ.

ನಾನು ಹುಟ್ಟಿದ್ದು ಶ್ರೀರಂಗಪಟ್ಟಣದ ಗಂಜಾಂನಲ್ಲಿ. ಮೊದಲು ಕೆಲಸಕ್ಕೆ ಸೇರಿದ್ದು ನಾಗಮಂಗಲ ತಾಲ್ಲೂಕಿನ ಹಳ್ಳಿಯಲ್ಲಿ, ಆಮೇಲೆ ಪಾಂಡವಪುರ, ಈಗ ಹಲವು ವರ್ಷಗಳಿಂದ ಕೆ.ಆರ್. ಪೇಟೆ. ಅಂದರೆ ನಮ್ಮ ಪಾಂಡವಪುರ ಉಪವಿಭಾಗದ ನಾಲ್ಕೂ ತಾಲ್ಲೂಕಿನ ಬಸ್ ಸ್ಟ್ಯಾಂಡುಗಳ ಕಲ್ಲುಬೆಂಚು ನನಗೆ ಗೊತ್ತು. ರೈಲು ಇಲ್ಲವೆಂದಲ್ಲ. ನಮ್ಮ ತಾಲ್ಲೂಕಿನ ಅಕ್ಕಿಹೆಬ್ಬಾಳು, ಮಂದಗೆರೆಯಲ್ಲಿ ಸ್ಟೇಷನ್ ಇದೆ. ಆದರೆ ಅದು ಮೈಸೂರು–ಅರಸೀಕೆರೆ ದಾರಿ. ನಾಗಮಂಗಲದವರಿಗೆ ಬಿ.ಜಿ. ನಗರದ ಸ್ಟೇಷನ್, ಅದು ಬೆಂಗಳೂರು–ಹಾಸನದ ದಾರಿ. ಪಾಂಡವಪುರದ್ದು ಮೈಸೂರು–ಬೆಂಗಳೂರು ದಾರಿ. ರೈಲು ನಂಬಿದರೆ ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ. ಹಾಗಾಗಿ ಬಸ್ಸು, ಇಲ್ಲವಾದರೆ ನಾಲ್ಕು ಜನ ಸೇರಿ ಬಾಡಿಗೆ ಕಾರು.

2018ರ ಒಂದು ಮೀಟಿಂಗನ್ನು ನಾನು ಮರೆಯುವ ಹಾಗಿಲ್ಲ. ಯಾವ ಕಚೇರಿ, ಯಾವ ಊರು ಎಂಬುದು ಬೇಡ. 60 ಕಿಲೋಮೀಟರ್ ದೂರ ಎಂದರೆ ಸಾಕು. ಆಗ ನಾನು ಶಾಲೆಯ ಪ್ರಭಾರ ಮುಖ್ಯ ಶಿಕ್ಷಕಿ. ನಾವಿದ್ದದ್ದೇ ಮೂರು ಜನ. ಒಬ್ಬರು ಹೆರಿಗೆ ರಜೆ. ಇನ್ನೊಬ್ಬರು ಏಳು ತರಗತಿಯ ಮಕ್ಕಳನ್ನೂ ಒಂದೇ ಹಾಲಿನಲ್ಲಿ ಕೂರಿಸಿಕೊಂಡಿದ್ದರು. ಹತ್ತೂವರೆಗೆ ಎಂದ ಮೀಟಿಂಗು ಶುರುವಾದದ್ದು ಒಂದು ಗಂಟೆಗೆ. ಫೋನು ಬಡಿದುಕೊಳ್ಳಬಾರದೆಂದು ಹೇಳಿದ್ದರಿಂದ ಬ್ಯಾಗಿನೊಳಗೆ ಸದ್ದಡಗಿಸಿ ಇಟ್ಟಿದ್ದೆ. ಆ ದಿನ ಕೇಳಿದ ಪ್ರಶ್ನೆ ಇಷ್ಟೇ: ಶೌಚಾಲಯ ಎಷ್ಟು, ನಲ್ಲಿ ಎಷ್ಟು, ಕಾಂಪೌಂಡು ಇದೆಯೋ ಇಲ್ಲವೋ. ಮೂರು ವರ್ಷದಿಂದ ಅದೇ ಉತ್ತರ. ಎರಡು, ಮೂರು, ಅರ್ಧ ಇದೆ.

ಹೊರಗೆ ಬಂದು ಫೋನು ನೋಡಿದರೆ ಹನ್ನೊಂದು ಸಲ ಕರೆ ಬಂದಿತ್ತು. ಐದನೇ ತರಗತಿಯ ಹುಡುಗನೊಬ್ಬ ಆ ಅರ್ಧ ಕಾಂಪೌಂಡಿನ ಮೇಲಿಂದ ಬಿದ್ದು ಮೊಣಕೈ ಮುರಿದುಕೊಂಡಿದ್ದ. ಮಿಕ್ಕ ಮಕ್ಕಳನ್ನು ಬಿಟ್ಟು ಹೋಗಲಾರದೆ ನಮ್ಮ ಮೇಡಂ ಅಳುತ್ತಾ ನಿಂತಿದ್ದರಂತೆ. ಬಿಸಿಯೂಟದ ಅಡುಗೆಯಾಕೆ ಒಲೆ ಆರಿಸಿ, ಯಾರದೋ ಗಾಡಿ ಹತ್ತಿಸಿಕೊಂಡು ಅವನನ್ನು ಪೇಟೆ ಆಸ್ಪತ್ರೆಗೆ ಕರೆದೊಯ್ದಿದ್ದಳು. ಸಂಜೆ ನಾನು ನೇರ ಆಸ್ಪತ್ರೆಗೇ ಹೋದೆ. ಹುಡುಗ ಮಲಗಿದ್ದ. ಅವನ ತಾಯಿ ಒಂದು ಮಾತೂ ಆಡಲಿಲ್ಲ. ಅಡುಗೆಯಾಕೆ ಮಾತ್ರ, “ಫೋನ್ ಎತ್ಲೇ ಇಲ್ವಲ್ಲ ಮೇಡಮ್ಮೋರೆ” ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಕೈ ಕೂಡಿತು, ಹುಡುಗ ಈಗ ಕಾಲೇಜಿನಲ್ಲಿದ್ದಾನೆ. ಆದರೆ ಅಂದಿನಿಂದ ನನಗೆ ಒಂದು ಚಟ ಅಂಟಿಕೊಂಡಿತು. ಎಲ್ಲಿಗೆ ಕರೆದರೂ, ‘ಇದಕ್ಕೆ ನಾನು ಹೋಗಲೇಬೇಕೇ?’ ಎಂದು ಕೇಳಿಕೊಳ್ಳುವುದು.

ಹೋಗದೆ ಮೀಟಿಂಗ್ ಮಾಡುವ ವಿದ್ಯೆ ಕೊರೋನಾ ಬಂದ ಮೇಲೆ ಹುಟ್ಟಿದ್ದು ಎಂದು ಬಹಳ ಜನ ತಿಳಿದಿದ್ದಾರೆ. ನಮಗೆ ಅದು ಹಳೆಯ ಪರಿಚಯ. ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇದೆಯಲ್ಲ, ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಅನ್ನಿಸಿಕೊಂಡ ಮಂತ್ರಿಗಳ ಹೆಸರಿನದು, ಅಲ್ಲಿ ಸ್ಯಾಟ್‌ಕಾಂ ಕೇಂದ್ರವಿದೆ. ಅಲ್ಲಿನ ಸ್ಟುಡಿಯೋದಲ್ಲಿ ಕೂತು ಮಾತಾಡಿದ್ದು ಉಪಗ್ರಹದ ಮೂಲಕ ತಾಲ್ಲೂಕು ಪಂಚಾಯಿತಿಯ ಟೀವಿಗೆ ಬರುತ್ತಿತ್ತು. ಅವರ ಮುಖ ನಮಗೆ ಕಾಣುತ್ತಿತ್ತು, ನಮ್ಮದು ಅವರಿಗೆ ಕಾಣುತ್ತಿರಲಿಲ್ಲ. ಪ್ರಶ್ನೆ ಇದ್ದವರು ಟೆಲಿಫೋನಿನಲ್ಲಿ ಕೇಳಬೇಕು. ಒಮ್ಮೆ ನಾನೂ ಹಾಗೆ ತರಬೇತಿಗೆ ಕೂತಿದ್ದೆ. ನನ್ನ ಮುಂದಿನ ಸಾಲಿನಲ್ಲಿದ್ದ ಗ್ರಾಮ ಪಂಚಾಯಿತಿ ಸದಸ್ಯೆಯೊಬ್ಬರು ಸೆರಗು ಬಾಯಿಗಿಟ್ಟುಕೊಂಡು, ಮೈಸೂರಿನ ದೊಡ್ಡ ಅಧಿಕಾರಿಗೆ ತಮ್ಮೂರ ಚರಂಡಿಯ ಮಾತನ್ನು ಕೇಳಿಯೇಬಿಟ್ಟರು. ಎದುರಿಗೆ ಕೂತಿದ್ದರೆ ಕೇಳುತ್ತಿದ್ದರೋ ಇಲ್ಲವೋ! 2004ರ ಸೆಪ್ಟೆಂಬರ್ 20ರಂದು ಇಸ್ರೋದವರು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿದಾಗ, ಇನ್ನು ಬಸ್ಸಿನ ಕಾಟ ತಪ್ಪಿತು ಎಂದು ನಾನು ಮನೆಯಲ್ಲಿ ಹೇಳಿದ್ದು ನೆನಪಿದೆ. ಉಪಗ್ರಹ ಮೇಲೆ ಹೋಯಿತು, ನಾವು ಬಸ್ ಸ್ಟ್ಯಾಂಡಿಗೆ ಹೋಗುತ್ತಲೇ ಇದ್ದೆವು.

ಹೊಗೆಯ ಲೆಕ್ಕ ನನ್ನ ತಲೆಗೆ ಹೊಕ್ಕಿದ್ದು ಮಗಳಿಂದ. ಅವಳು ಬೆಂಗಳೂರಿನ ಕಂಪನಿಯೊಂದರಲ್ಲಿದ್ದಾಳೆ. 2020ಕ್ಕೆ ಮೊದಲು ವರ್ಷಕ್ಕೆ ಎರಡು ಮೂರು ಸಲ ಜರ್ಮನಿಗೆ ಹಾರುತ್ತಿದ್ದಳು, ಎರಡು ದಿನದ ಮೀಟಿಂಗಿಗೆ. ನಾವು ಅದನ್ನು ನೆಂಟರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ಅವಳೇ ಒಂದು ದಿನ, “ಅಮ್ಮಾ, ನಾನೊಬ್ಬಳು ಫ್ರಾಂಕ್‌ಫರ್ಟಿಗೆ ಹೋಗಿ ಬಂದರೆ ನನ್ನ ಪಾಲಿಗೆ ಹತ್ತಿರ ಹತ್ತಿರ ಒಂದು ಟನ್ ಇಂಗಾಲದ ಡೈಆಕ್ಸೈಡ್. ನಮ್ಮ ದೇಶದಲ್ಲಿ ತಲಾ ಒಬ್ಬರ ಲೆಕ್ಕ ವರ್ಷಕ್ಕೇ ಸುಮಾರು ಎರಡು ಟನ್” ಎಂದಳು. ಟನ್ ಎಂದರೆ ನನಗೆ ಕಬ್ಬಿನ ಗಾಡಿ ನೆನಪಾಗುತ್ತದೆಯೇ ಹೊರತು ಹೊಗೆ ನೆನಪಾಗುವುದಿಲ್ಲ. ಅಡುಗೆಮನೆಯ ಲೆಕ್ಕದಲ್ಲಿ ಹೇಳು ಎಂದೆ. ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್ ಇರುತ್ತದೆ. ಒಂದು ಕಿಲೋ ಉರಿದರೆ ಸುಮಾರು ಮೂರು ಕಿಲೋ ಹೊರಬರುತ್ತದೆ. ಅಂದರೆ ಸಿಲಿಂಡರಿಗೆ 42 ಕಿಲೋ. ಅವಳ ಒಂದು ಪ್ರಯಾಣಕ್ಕೆ ಇಪ್ಪತ್ತಮೂರು ಸಿಲಿಂಡರ್! ನಮ್ಮ ಮನೆಯಲ್ಲಿ ಒಂದು ಸಿಲಿಂಡರ್ ನಲವತ್ತು ದಿನ ಬರುತ್ತದೆ. ಎರಡೂವರೆ ವರ್ಷದ ಸಾರು, ಮುದ್ದೆ, ಕಾಫಿ ಎಲ್ಲ ಎರಡು ದಿನದ ಮಾತಿಗೆ ಆವಿಯಾಯಿತಲ್ಲ ಎನಿಸಿತು.

ಇದನ್ನೇ ನಾನು ಏಳನೇ ತರಗತಿಯ ಮಕ್ಕಳಿಗೆ ಲೆಕ್ಕ ಮಾಡಿಸಿದೆ, ಜರ್ಮನಿಯದಲ್ಲ, ನಮ್ಮ ಬಾಡಿಗೆ ಕಾರಿನದು. ಹೋಗಿಬರಲು 120 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಎಂದರೆ 8 ಲೀಟರ್ ಡೀಸೆಲ್. ಲೀಟರಿಗೆ ಸುಮಾರು 2.6 ಕಿಲೋ ಎಂದರೆ 21 ಕಿಲೋ ಹತ್ತಿರ. ಅರ್ಧ ಸಿಲಿಂಡರ್. ಹಿಂದಿನ ಬೆಂಚಿನ ಹುಡುಗಿ ಎದ್ದು, “ಮಿಸ್, ಒಂದು ಲೀಟರ್ ಡೀಸೆಲ್ ಒಂದ್ ಕೆಜಿನೂ ತೂಗಲ್ಲ, ಹೊಗೆ ಹೆಂಗೆ ಎರಡೂವರೆ ಕೆಜಿ ಆಯ್ತದೆ?” ಎಂದಳು. ಮೂವತ್ತು ವರ್ಷದ ಪಾಠದಲ್ಲಿ ಇಂಥ ಪ್ರಶ್ನೆ ಕೈಬೆರಳಲ್ಲಿ ಎಣಿಸುವಷ್ಟು. ಡೀಸೆಲ್‌ನಲ್ಲಿರುವ ಇಂಗಾಲ ಉರಿಯುವಾಗ ಗಾಳಿಯ ಆಮ್ಲಜನಕವನ್ನು ಕೂಡಿಸಿಕೊಳ್ಳುತ್ತದೆ, ಅದರ ತೂಕವೂ ಸೇರುತ್ತದೆ. ಒಂದು ಪಾವು ರಾಗಿಹಿಟ್ಟಿಗೆ ನೀರು ಸೇರಿ ಮುದ್ದೆ ದೊಡ್ಡದಾಗುವುದಿಲ್ಲವೇ ಹಾಗೆ ಎಂದೆ. ಒಪ್ಪಿಕೊಂಡಳು.

ಬಸ್ಸಿನ ವಿಷಯ ಬೇರೆ ಎನ್ನುವುದನ್ನೂ ಹೇಳಿಬಿಡಬೇಕು. ನಾನು ಕೂತರೂ ಬಿಟ್ಟರೂ ಅದು ಹೋಗಿಯೇ ಹೋಗುತ್ತದೆ. 2023ರ ಜೂನ್ 11ರಿಂದ ನಮಗೆ ಟಿಕೆಟ್ಟೂ ಇಲ್ಲ. ಆದರೆ ಮೀಟಿಂಗಿನ ದಿನ ಹೊರಡುವುದು ಬಸ್ಸುಗಳಲ್ಲ, ಕಾರುಗಳೇ. ಹತ್ತು ಕಾರು ಹೊರಟರೆ ಐದು ಸಿಲಿಂಡರ್, ನಲ್ಲಿ ಎಷ್ಟು ಎಂದು ಹೇಳಿಬರಲು. ಅದೇ 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ತುಂಬದೆ ಹೋಯಿತು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿದರು. ನಮ್ಮ ಹತ್ತು ಕಾರಿನಿಂದಲೇ ಬರ ಬಂತು ಎನ್ನುವಷ್ಟು ಪೆದ್ದಿ ನಾನಲ್ಲ. ಆದರೂ ಒಣಗಿದ ಗದ್ದೆಗಳ ನಡುವೆ ಏಸಿ ಹಾಕಿಕೊಂಡು ಹೋಗುವಾಗ ಕಿಟಕಿಯಾಚೆ ನೋಡಲು ಮುಜುಗರವಾಗುತ್ತಿತ್ತು.

ಹಾಗೆಂದು ಫೋನಿನ ಮೀಟಿಂಗೇ ಸ್ವರ್ಗ ಎಂದುಕೊಳ್ಳಬೇಡಿ. 2020ರಲ್ಲಿ ಶಾಲೆ ಮುಚ್ಚಿದಾಗ ನಾವು ಅದರ ರುಚಿಯನ್ನೂ ಕಂಡೆವು. ಬಸ್ಸು ಹತ್ತಿಸುವ ಕಷ್ಟವಿಲ್ಲವಲ್ಲ, ವಾರಕ್ಕೆ ಮೂರು ಸಲ ಕರೆಯತೊಡಗಿದರು, ಅದೂ ಸಂಜೆ ಏಳಕ್ಕೆ. ಗಂಡಸರು ಕುರ್ಚಿಯ ಮೇಲೆ ಕೂತು ಮೀಟಿಂಗ್ ಮಾಡಿದರೆ, ನಾವು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಮುದ್ದೆ ಕೋಲು ತಿರುಗಿಸುತ್ತಾ ಮಾಡಿದೆವು. ನೂರು ಜನ ಒಟ್ಟಿಗೆ, ಯಾರದೋ ಮನೆಯ ಕುಕ್ಕರ್ ಸೀಟಿ, ಯಾರದೋ ನಾಯಿ. “ಕೇಳಿಸ್ತಾ ಇದೆಯಾ” ಎನ್ನುವುದರಲ್ಲೇ ಅರ್ಧ ಗಂಟೆ. (ಮಕ್ಕಳ ಪಾಠವನ್ನು ಫೋನಿಗೆ ಒಪ್ಪಿಸಿದ ಕಥೆ ಇಲ್ಲಿ ಬೇಡ, ಅದು ಬೇರೆಯೇ ನೋವು.)

ಮಗಳಿಗೆ ಇದನ್ನೆಲ್ಲ ಹೇಳಿದರೆ ನಕ್ಕಳು. ಮೀಟಿಂಗ್ ಮಾಡುವುದಕ್ಕೂ ಒಂದು ಹದವಿದೆಯಂತೆ. ಏನು ಕೇಳುತ್ತೀರೋ ಅದನ್ನು ಹಿಂದಿನ ದಿನವೇ ಬರೆದು ಕಳಿಸಬೇಕು. ಅಂಕಿಅಂಶವಷ್ಟೇ ಬೇಕಿದ್ದರೆ ಮೀಟಿಂಗೇ ಬೇಡ, ಬರೆದು ತರಿಸಿಕೊಂಡರಾಯಿತು. ಹತ್ತು ಹದಿನೈದು ಜನಕ್ಕಿಂತ ಹೆಚ್ಚು ಬೇಡ. ಅರ್ಧ ಗಂಟೆ ಸಾಕು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳಬೇಕು. ಏನು ತೀರ್ಮಾನವಾಯಿತೆಂದು ಒಬ್ಬರು ಅಂದೇ ಬರೆದು ಎಲ್ಲರಿಗೂ ಕಳಿಸಬೇಕು. ಸಿಗ್ನಲ್ ಇಲ್ಲದಿದ್ದರೆ ಮುಖ ಆರಿಸಿ ದನಿ ಮಾತ್ರ ಇಟ್ಟುಕೊಳ್ಳಬೇಕು. ಒಂದು ಗಂಟೆಯ ವಿಡಿಯೋ ಮಾತಿಗೆ ಆಗುವ ಹೊಗೆ ಗ್ರಾಮಿನ ಲೆಕ್ಕದ್ದು, ಕಿಲೋದ್ದಲ್ಲ. ಅವಳೂ ಈಗ ವರ್ಷಕ್ಕೆ ಒಂದೇ ಸಲ ಜರ್ಮನಿಗೆ ಹೋಗುತ್ತಾಳೆ.

ಇದನ್ನು ಒಂದು ಹಾಳೆಯಲ್ಲಿ ಬರೆದು, ನಮ್ಮ ಸುತ್ತಿನ ಶಾಲೆಗಳವರೆಲ್ಲ ಸಹಿ ಹಾಕಿ ಕೊಟ್ಟೆವು. ಮೊದಲು “ಏನ್ ಮೇಡಂ, ಓಡಾಡೋಕೆ ಸೋಮಾರಿತನಾನಾ” ಎಂಬ ಮಾತು ಬಂತು. ಆಮೇಲೆ ಯಾರಿಗೋ ಸರಿಯೆನಿಸಿರಬೇಕು. ಈಗ ನಮ್ಮ ಗುಂಪಿನ ತಿಂಗಳ ಮೀಟಿಂಗು ಮಧ್ಯಾಹ್ನ ಮೂರಕ್ಕೆ, ಶಾಲೆಯಿಂದಲೇ, ಫೋನಿನಲ್ಲಿ. ಮೂರು ತಿಂಗಳಿಗೊಮ್ಮೆ ಮಾತ್ರ ಹೋಗುತ್ತೇವೆ.

ಆ ಮೂರು ತಿಂಗಳಿಗೊಮ್ಮೆ ಎನ್ನುವುದನ್ನು ಹಾಳೆಯಲ್ಲಿ ಸೇರಿಸಿದವಳು ನಾನೇ. ಕಾರಣ ಯಾರಿಗೂ ಹೇಳಿರಲಿಲ್ಲ. ಪಕ್ಕದ ಊರಿನ ಶಾಲೆಯಲ್ಲಿ ನಾಗಮಂಗಲ ಕಡೆಯ ಹುಡುಗಿಯೊಬ್ಬಳಿದ್ದಾಳೆ. ಹುಡುಗಿ ಎಂದರೆ ನಲವತ್ತು ಆಗುತ್ತಾ ಬಂತು, ನನಗೆ ಹುಡುಗಿಯೇ. ಮೀಟಿಂಗ್ ಮುಗಿಸಿ ಬಸ್ಸಿನಲ್ಲಿ ಬರುವಾಗಲೇ ಅವಳು ಒಮ್ಮೆ ಬಾಯಿಬಿಟ್ಟಿದ್ದು: ಸಂಬಳ ಅವಳದು, ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿ, ಚಪ್ಪಲಿ ಹರಿದರೂ ಅವರನ್ನೇ ಕೇಳಬೇಕು. ಫೋನಿನ ಮೀಟಿಂಗ್ ಶುರುವಾದ ಮೇಲೆ ಅವಳು ಮುಖ ಆರಿಸಿಯೇ ಇರುತ್ತಿದ್ದಳು. ಹೆಸರು ಹಿಡಿದು ಕೇಳಿದರೆ “ಆಯ್ತು ಸರ್” ಎನ್ನುತ್ತಿದ್ದಳು. ನಾನಾಗಿ ಫೋನು ಮಾಡಿದರೆ, “ಆಮೇಲೆ ಮಾಡ್ತೀನಿ ಅಕ್ಕ, ಮನೇಲಿದ್ದಾರೆ” ಎನ್ನುವಳು. ಆಮೇಲೆ ಮಾಡುತ್ತಿರಲಿಲ್ಲ.

ಈ ಸಲದ ಮೀಟಿಂಗಿಗೆ ಕಾರಿನಲ್ಲಿ ಜಾಗವಿದೆ ಬನ್ನಿ ಎಂದರು ಕೆಲವರು. ನಾವಿಬ್ಬರೂ ಬಸ್ಸಿಗೆ ನಿಂತೆವು. ವಾಪಸು ಬರುವಾಗ ಪಾಂಡವಪುರದವರೆಗೆ ಅವಳು ಮಕ್ಕಳ ಪರೀಕ್ಷೆ, ಟೊಮೇಟೊ ಬೆಲೆ, ಅತ್ತೆಯ ಸೊಂಟನೋವು ಎಲ್ಲ ಮಾತಾಡಿದಳು. ನಾನು ಏನೂ ಕೇಳಲಿಲ್ಲ. ಚಿನಕುರಳಿ ದಾಟಿದ ಮೇಲೆ ಸುಮ್ಮನಾದಳು. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತಿದ್ದು, ಬ್ಯಾಗಿನ ಒಳಜೇಬಿನಿಂದ ಹೊಸ ಪಾಸ್‌ಬುಕ್ಕೊಂದನ್ನು ತೆಗೆದು ನನ್ನ ತೊಡೆಯ ಮೇಲಿಟ್ಟಳು. ಕನ್ನಡಕ ಹಾಕಿಕೊಂಡು ಮೊದಲ ಪುಟ ನೋಡಿದೆ. ಅವಳೊಬ್ಬಳದೇ ಹೆಸರಿತ್ತು. “ಈ ತಿಂಗಳಿಂದ ಸಂಬಳ ಇದಕ್ಕೇ ಬರ್ತದೆ ಅಕ್ಕ” ಎಂದಳು.