ಮನೆಮಾತು ಉರ್ದು, ಕಥೆ ಕನ್ನಡ

ಔರಾದ್ ತಾಲ್ಲೂಕಿನ ಸಂತಪುರದ ಕಡೆ ಒಂದೇ ಭಾಷೆಯಲ್ಲಿ ದಿನ ಕಳೆಯುವ ಮಕ್ಕಳು ಕಡಿಮೆ. ಮನೆಯಲ್ಲಿ ಮರಾಠಿಯೋ ದಖ್ಖನಿ ಉರ್ದುವೋ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎಲ್ಲ ಬೆರೆತ ಮಾತು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ನೆಲವಿದು. ಇಲ್ಲಿನ ತಂದೆತಾಯಿಗಳಿಗೆ ಒಂದು ಅಳುಕು ಇದ್ದೇ ಇರುತ್ತದೆ: ಮನೆಯಲ್ಲಿ ಆಡದ ಭಾಷೆಯಲ್ಲಿ ಕಲಿತು ಮಗು ಮುಂದೆ ಬಂದೀತೆ?

ಹಾಸನದ ಬಾನು ಮುಷ್ತಾಕ್ ಅವರ ಬದುಕಿನಲ್ಲಿ ಇದಕ್ಕೆ ಉತ್ತರವಿದೆ. 1948ರಲ್ಲಿ ಹುಟ್ಟಿದ ಅವರ ಮನೆಮಾತು ಉರ್ದು. ಎಂಟನೆಯ ವಯಸ್ಸಿನಲ್ಲಿ ಅವರನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸುವಾಗ ಶಾಲೆಯವರು ಷರತ್ತು ಹಾಕಿದರು: ಆರು ತಿಂಗಳೊಳಗೆ ಕನ್ನಡ ಓದು, ಬರಹ ಬರಬೇಕು. ಹುಡುಗಿಗೆ ಅಷ್ಟು ಕಾಲ ಬೇಕಾಗಲಿಲ್ಲ. ಕೆಲವೇ ದಿನಗಳಲ್ಲಿ ಅಕ್ಷರ ಕೈಗೆ ಒಗ್ಗಿತು.

ಮುಂದೆ ಅವರು ಪತ್ರಕರ್ತೆಯಾದರು, ವಕೀಲರಾದರು. ನೋವು ಹೇಳಿಕೊಂಡು ಬರುವ ಹೆಂಗಸರ ಮಾತೇ ಅವರ ಕಥೆಗಳಿಗೆ ಬೀಜವಾಯಿತು. 'ಎದೆಯ ಹಣತೆ' ಕಥೆಯಲ್ಲಿ ಗಂಡನಿಂದ ಕಡೆಗಣನೆಗೊಳಗಾದ ಮೆಹರುನ್ ತವರಿಗೆ ಬರುತ್ತಾಳೆ. ಮನೆತನದ ಮರ್ಯಾದೆಯ ಮಾತಾಡಿ ಅಣ್ಣಂದಿರು ಅವಳನ್ನು ವಾಪಸು ಬಿಟ್ಟುಬರುತ್ತಾರೆ. ಬದುಕೇ ಸಾಕೆನಿಸಿದ ಆ ರಾತ್ರಿ ಅವಳನ್ನು ತಡೆಯುವವಳು ಮಗಳು ಸಲ್ಮಾ. ದೊಡ್ಡವರು ಕಂಡೂ ಕಾಣದಂತಿದ್ದ ಸಂಕಟ ಮಗುವಿಗೆ ಕಂಡಿತ್ತು.

ಇಂಥ ದಿಟ್ಟತನಕ್ಕೆ ಹಾರ-ತುರಾಯಿಯಷ್ಟೇ ಸಿಗಲಿಲ್ಲ. ಮಸೀದಿಗೆ ಹೋಗುವ ಹಕ್ಕು ಹೆಂಗಸರಿಗೂ ಇದೆ ಎಂದದ್ದಕ್ಕೆ 2000ದಲ್ಲಿ ಅವರ ಕುಟುಂಬ ಮೂರು ತಿಂಗಳು ಸಾಮಾಜಿಕ ಬಹಿಷ್ಕಾರ ಅನುಭವಿಸಿತು. ಆದರೂ ಅವರು ಬರವಣಿಗೆ ಬಿಡಲಿಲ್ಲ.

ಮಡಿಕೇರಿಯ ದೀಪಾ ಭಾಸ್ತಿ ಅವರ 12 ಕಥೆಗಳನ್ನು ಆರಿಸಿ ಇಂಗ್ಲಿಷಿಗೆ ತಂದರು. ಮೂಲದ ಎಷ್ಟೋ ಕನ್ನಡ, ಉರ್ದು ಪದಗಳನ್ನು ಹಾಗೆಯೇ ಉಳಿಸಿದರು. ಆ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ 2025ರ ಮೇ 20ರಂದು ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಿತು. ಈ ಗೌರವ ಪಡೆದ ಮೊದಲ ಕನ್ನಡ ಕೃತಿ ಅದು; ಮೊದಲ ಸಣ್ಣಕಥಾ ಸಂಕಲನವೂ ಹೌದು. 50,000 ಪೌಂಡ್ ಬಹುಮಾನ ಲೇಖಕಿ, ಅನುವಾದಕಿ ಇಬ್ಬರಿಗೂ ಸಮನಾಗಿ ಹಂಚಿಕೆಯಾಯಿತು.

ಮನೆಮಾತು ಕನ್ನಡ ಕಲಿಕೆಗೆ ಅಡ್ಡಿಯಾಗಲಿಲ್ಲ. ಕಥೆಗೆ ಅದೇ ಬಂಡವಾಳವಾಯಿತು. ಸಂತಪುರದ ಮಗುವಿನ ಬಳಿಯೂ ಆ ಬಂಡವಾಳವಿದೆ. ಅಜ್ಜಿ ಮರಾಠಿಯಲ್ಲಿ ಹೇಳಿದ, ನಾನಿ ಉರ್ದುವಿನಲ್ಲಿ ಹೇಳಿದ ಒಂದು ಸಂಗತಿಯನ್ನು ಅದು ಶಾಲೆಯ ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಾಗ, ತಂದೆತಾಯಿ ಮೊದಲು ಕಾಗುಣಿತದ ತಪ್ಪು ಹುಡುಕಬೇಕಿಲ್ಲ. ಪಕ್ಕದಲ್ಲಿ ಕೂಡಿಸಿಕೊಂಡು, ಓದು ಮಗು, ಕೇಳೋಣ ಎಂದರೆ ಸಾಕು.