ಮುಳುಗುವ ಎಣ್ಣೆ

ಮುಖದ ಮೇಲೆ ಹಸಿರು ಬಟ್ಟೆ, ಎಡಗಣ್ಣಿಗಷ್ಟೇ ಕಿಂಡಿ. ಬೆಟಡೀನ್ ವಾಸನೆ ಮೂಗಿನಲ್ಲೇ ಕೂತಿದೆ. ಕಣ್ಣಿನ ಪಕ್ಕ ಸೂಜಿ ಇಳಿದು ಹತ್ತು ನಿಮಿಷವಾಯಿತು. ಕಣ್ಣುಗುಡ್ಡೆ ಯಾರದೋ ಗೋಲಿಯಂತೆ ಅಲುಗದೆ ಬಿದ್ದಿದೆ. ನೋವಿಲ್ಲ, ಎಚ್ಚರವಿದೆ. "ಕೆಮ್ಮು ಬಂದ್ರೆ ಮೊದಲೇ ಹೇಳಿ, ತಲೆ ಅಲ್ಲಾಡಿಸಬೇಡಿ," ಎನ್ನುತ್ತಾರೆ ಡಾಕ್ಟರು. ಹೇಳಿದ್ದೇ ತಡ, ನಿಮ್ಮ ಗಂಟಲಲ್ಲಿ ಕೆರೆತ ಶುರುವಾಗುತ್ತದೆ.

ಇದು ಎರಡನೇ ಸಲ. ಮೊದಲ ಸಲ ಕಳಚಿದ ರೆಟಿನಾ ಕೂರಿಸಿ ಸಿಲಿಕೋನ್ ಎಣ್ಣೆ ತುಂಬಿದ್ದರು. ಅದು ನೀರಿಗಿಂತ ಹಗುರ. ನೀವು ಕೂತರೆ, ನಿಂತರೆ ತೇಲಿ ಮೇಲ್ಭಾಗವನ್ನೇ ಒತ್ತುತ್ತದೆ. ನಿಮ್ಮ ರೆಟಿನಾದ ಹರುಕು ಇರುವುದು ಕೆಳಗೆ. ಕತ್ತು ಮರಗಟ್ಟುವಷ್ಟು ದಿನ ಬೋರಲು ಮಲಗಿದಿರಿ. ಆದರೂ ಅಲ್ಲಿ ಗಾಯದ ಪೊರೆ ಬೆಳೆದು ರೆಟಿನಾವನ್ನು ಎಳೆದು ಸುಕ್ಕುಗಟ್ಟಿಸಿತು. ನಿಮಗೆ ಮಾತ್ರ ಕರಿ ಪರದೆ ಇಳಿದದ್ದು ಮೇಲಿನಿಂದ; ಕಣ್ಣೊಳಗಿನ ಚಿತ್ರ ಯಾವಾಗಲೂ ತಲೆಕೆಳಗು.

ನಿನ್ನೆ ಸಹಿ ಹಾಕಿದ್ದು ಡೆನ್ಸಿರಾನ್ 68 ಎಂಬ ಭಾರದ ಎಣ್ಣೆಗೆ. ನೀರಿನ ಸಾಂದ್ರತೆ 1, ಹಳೆಯ ಎಣ್ಣೆಯದು 0.97, ಇದರದು 1.06. ಅಷ್ಟೇ ವ್ಯತ್ಯಾಸ, ಅಷ್ಟಕ್ಕೇ ಇದು ಮುಳುಗುತ್ತದೆ. ಉರಿಯೂತ, ಏರುವ ಒತ್ತಡ, ಎಣ್ಣೆ ಒಡೆದು ಸಣ್ಣ ಹನಿಗಳಾಗುವುದು, ಎಲ್ಲವನ್ನೂ ಡಾಕ್ಟರು ಹೇಳಿದ್ದರು. ಎರಡೂ ಎಣ್ಣೆಗಳನ್ನು ಹೋಲಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು, ಭಾರದ ಎಣ್ಣೆಯ ಮೇಲುಗೈ ಅದರಲ್ಲಿ ಕಾಣಲಿಲ್ಲ ಎಂದೂ ಹೇಳಿದ್ದರು. ನೀವು ಪೆನ್ನು ಹಿಡಿದು ತುಸು ಹೊತ್ತು ಕೂತಿರಿ.

ಈಗ ಕಣ್ಣೊಳಗೆ ಕಟರ್ ಗರ್ರೆನ್ನುತ್ತದೆ. ಬೆಳಕಿನ ಕೊಳದಲ್ಲಿ ಕಡ್ಡಿಯಂಥ ನೆರಳು: ಚಿಮಟ. ಪೊರೆಯ ಅಂಚು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಒದ್ದೆ ಕಾಗದಕ್ಕೆ ಅಂಟಿದ ಟೇಪು. ಜೋರಾಗಿ ಎಳೆದರೆ ಕಾಗದವೇ ಹರಿದೀತು. ಸಟ್ಟನೆ ಬೆಳಕಿನೊಳಗೆ ಹೊಗೆಯ ಸುರುಳಿ. ರಕ್ತ. "ಕಣ್ಣಿನ ಪ್ರೆಷರ್ ಏರಿಸಿ!" ಮಾನಿಟರಿನ ಸದ್ದು ಓಡುತ್ತದೆ, ಅದು ನಿಮ್ಮದೇ ಎದೆ. ಕೆಮ್ಮು ನಾಲಿಗೆಯ ಬುಡಕ್ಕೆ ಬಂದಿದೆ. "ಕೆಮ್ಮು…" ಎನ್ನುತ್ತೀರಿ. ನೆರಳುಗಳು ಹಿಂದೆ ಸರಿಯುತ್ತವೆ. ಕೆಮ್ಮುತ್ತೀರಿ. ಸುರುಳಿ ನಿಂತಿದೆ.

ಲೇಸರಿನ ಮಿಂಚುಗಳು ಹರುಕಿನ ಸುತ್ತ ಬೆಸುಗೆ ಹಾಕುತ್ತವೆ. ಆಮೇಲೆ ಗಾಳಿ, ಗಾಳಿಯ ಜಾಗಕ್ಕೆ ಎಣ್ಣೆ. ಎಲ್ಲ ಮಸುಕು.

ಆ ರಾತ್ರಿ ಬೋರಲು ಮಲಗುವ ಶಿಕ್ಷೆ ಇಲ್ಲ. ದಿಂಬಿಗೊರಗಿ ಕೂರುತ್ತೀರಿ, ಎಣ್ಣೆ ತನ್ನ ತೂಕದಿಂದಲೇ ಹರುಕಿನ ಮೇಲೆ ಕೂತಿದೆ. ಮೂರನೇ ವಾರ ಹುಬ್ಬಿನ ಹಿಂದೆ ಸಿಡಿತ, ಹೊಟ್ಟೆ ತೊಳಸುತ್ತದೆ. ಕಣ್ಣಿನ ಒತ್ತಡ 36. ಸಾಮಾನ್ಯವಾಗಿ 21ರೊಳಗೆ ಇರಬೇಕು. ಹೀಗೇ ಬಿಟ್ಟರೆ ದೃಷ್ಟಿನರ ಸಾಯುತ್ತದೆ. ಈಗಲೇ ಎಣ್ಣೆ ತೆಗೆದರೆ ರೆಟಿನಾ ಕಳಚೀತು. ಹನಿ ಔಷಧ, ಮಾತ್ರೆ. ಗಂಟೆ ಎಣಿಸುತ್ತೀರಿ. ಒತ್ತಡ ಇಳಿಯುತ್ತದೆ.

ಎಣ್ಣೆ ತೆಗೆಯಲು ಮೂರು ತಿಂಗಳಿಗೆ ಮತ್ತೆ ಅದೇ ಮೇಜು. ಹಗುರ ಎಣ್ಣೆ ತೇಲಿ ಹೊರಬರುತ್ತದೆ. ಈ ಭಾರದ ಎಣ್ಣೆ ನೀವು ಅಂಗಾತ ಮಲಗುತ್ತಲೇ ಕಣ್ಣಿನ ತಳಕ್ಕೆ, ನೋಟದ ನಟ್ಟನಡುವಿನ ಜಾಗಕ್ಕೆ ಇಳಿಯುತ್ತದೆ. ಉದ್ದನೆಯ ನಳಿಕೆ ಅಲ್ಲಿಗೇ ಹೋಗಿ ಹೀರಬೇಕು. ನೀವು ಉಸಿರನ್ನೂ ಅಳೆದು ಬಿಡುತ್ತೀರಿ.

ಪಟ್ಟಿ ಬಿಚ್ಚುತ್ತಾರೆ. ಎದ್ದು ಕೂರುತ್ತೀರಿ. ಗೋಡೆ, ಕಿಟಕಿ, ನಿಮ್ಮ ಬೆರಳು: ಕದಡಿದ ನೀರಿನೊಳಗಿಂದ ಕಂಡಂತೆ, ಆದರೂ ಇವೆ. ಮೇಲಿನ ಪರದೆ ಇಲ್ಲ. ಉಳಿದುಹೋದ ಒಂದು ದುಂಡನೆ ಹನಿ ಮಾತ್ರ ಚಾವಣಿಯತ್ತ ಮೆಲ್ಲಗೆ ಏರುತ್ತದೆ. ಕಣ್ಣೊಳಗೆ ಅದು ಮುಳುಗುತ್ತಿದೆ.