ಮೇಜಿನಿಂದ ಮೇಜಿಗೆ

ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದ ಮೇಲೆ ನನಗೆ ಮನವರಿಕೆಯಾದ ಸಂಗತಿ ಒಂದುಂಟು. ಕಾಗದಪತ್ರಗಳು ಹೆಚ್ಚಾಗಿ ಸಿಕ್ಕಿಬೀಳುವುದು ಒಂದು ಮೇಜಿಗೂ ಇನ್ನೊಂದು ಮೇಜಿಗೂ ನಡುವಿನ ದಾರಿಯಲ್ಲಿ. ಮೇಜಿನ ಹಿಂದೆ ಕುಳಿತವರೆಲ್ಲ ತಮ್ಮ ತಮ್ಮ ಪಾಲಿನ ಕೆಲಸವನ್ನು ನಿಯಮದಂತೆ ಮಾಡಿರುತ್ತಾರೆ. ಆದರೂ ಎದುರು ನಿಂತವರ ಕೆಲಸ ಆಗಿರುವುದಿಲ್ಲ. ಊರಿಗೆ ಊರೇ ಕಷ್ಟಕ್ಕೆ ಬಿದ್ದಾಗಲೂ ಹೀಗೆಯೇ. ನಮ್ಮ ಜಿಲ್ಲೆಯ ಎಂಡೋಸಲ್ಫಾನ್ ಕಥೆ ನನಗೆ ಕಲಿಸಿದ ಪಾಠ ಇದು.

ಸರಕಾರಿ ಒಡೆತನದ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಈ ವಿಷ ಸುರಿಯಿತು. ಗುಡ್ಡದ ಮೇಲೆ ಗೇರು, ತಗ್ಗಿನಲ್ಲಿ ನಮ್ಮವರ ಮನೆ, ಅಡಿಕೆ ತೋಟ, ಕುಡಿಯುವ ನೀರಿನ ಸುರಂಗ, ತೋಡು. ಮೇಲೆ ಬಿದ್ದದ್ದು ಕೆಳಗೆ ಇಳಿಯಲೇಬೇಕಷ್ಟೆ.

ಆಗ ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಬಿತ್ತು. ಕಾಲು ವಕ್ರವಾಗಿ ಹುಟ್ಟುವ ಕರುಗಳನ್ನು ಕಂಡು ಪತ್ರಕರ್ತ ಶ್ರೀ ಪಡ್ರೆಯವರು 1980ರ ಆಸುಪಾಸಿನಲ್ಲೇ ಬರೆದರು. ಎಣ್ಮಕಜೆಯ ವಾಣೀನಗರದಲ್ಲಿ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ್ ಕುಮಾರ್ ಅವರಿಗೆ ಒಂದು ಪುಟ್ಟ ಪ್ರದೇಶದಲ್ಲಿ ಇಷ್ಟು ಬಗೆಯ ಕಾಯಿಲೆ ಏಕೆ ಎಂಬುದು ಬಿಡಿಸಲಾಗದ ಒಗಟಾಯಿತು. ದಕ್ಷಿಣದಲ್ಲಿ, ಪೆರಿಯದ ಕಡೆ, ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿನ ಮೆಟ್ಟಿಲು ಹತ್ತಿದರು. ಕೃಷಿ ಇಲಾಖೆಯ ಸಂಬಳ ತಿನ್ನುವವರು ಕೀಟನಾಶಕದ ವಿರುದ್ಧ ದಾವೆ ಹೂಡುವುದೆಂದರೆ ಸಣ್ಣ ಧೈರ್ಯವಲ್ಲ.

ಇವರಲ್ಲಿ ಯಾರೊಬ್ಬರೇ ಸಾಲುತ್ತಿರಲಿಲ್ಲ. ವೈದ್ಯರ ಹತ್ತಿರ ರೋಗಿಗಳಿದ್ದರು, ಪ್ರಯೋಗಾಲಯ ಇರಲಿಲ್ಲ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ರಕ್ತದ ಮಾದರಿಗಳನ್ನು ಪರೀಕ್ಷಿಸಿತು. ವಿಜ್ಞಾನಿಗಳೊಳಗೆ ವಾದ ನಡೆಯಿತು, ಇನ್ನೂ ಪೂರ್ತಿ ನಿಂತಿಲ್ಲ. ಅತ್ತ ಮಲಯಾಳದ ಲೇಖಕರು ಸುಮ್ಮನೆ ಕೂರಲಿಲ್ಲ. ಎಂ. ಎ. ರಹಮಾನ್ ಸಾಕ್ಷ್ಯಚಿತ್ರ ಮಾಡಿದರು. ಅಂಬಿಕಾಸುತನ್ ಮಾಂಗಾಡ್ 2009ರಲ್ಲಿ ಕಾದಂಬರಿ ಬರೆದು ನಮ್ಮ ಗಡಿ ಪಂಚಾಯತಿನ ಹೆಸರನ್ನೇ ಅದಕ್ಕಿಟ್ಟರು. ಕನ್ನಡ, ತುಳು ಮಾತಾಡುವ ಮನೆಗಳ ನೋವು ಮಲಯಾಳದಲ್ಲಿ ತಿರುವನಂತಪುರಕ್ಕೆ ಕೇಳಿಸಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಎಂಡೋಸಲ್ಫಾನ್ ನಿಷೇಧಿಸಿತು. ಪ್ರತಿಯೊಬ್ಬರೂ ತಮ್ಮ ಮೇಜು ಬಿಟ್ಟು ನಾಲ್ಕು ಹೆಜ್ಜೆ ಆಚೆ ನಡೆದದ್ದರಿಂದ ಇದಾಯಿತು.

ವಿಷ ನಿಲ್ಲಿಸಲು ಸೇರಿದ ಕೈಗಳು ಬದುಕು ಕಟ್ಟಲು ಅಷ್ಟೇ ಬೇಗ ಸೇರಲಿಲ್ಲ. ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2017ರ ಜನವರಿಯಲ್ಲಿ. ಹಣ ಎಲ್ಲಿ ಎಂದು ಅದೇ ಕೋರ್ಟು 2022ರಲ್ಲಿ ಮತ್ತೆ ಗದರಿಸಿ ಕೇಳಬೇಕಾಯಿತು. ವೈದ್ಯಕೀಯ ಶಿಬಿರ, ಪಂಚಾಯತು, ಕಲೆಕ್ಟರೇಟು, ಖಜಾನೆ, ಬ್ಯಾಂಕು: ಇಷ್ಟೂ ಹೊಸ್ತಿಲು ದಾಟಿದರೆ ಮಾತ್ರ ಒಂದು ಪಾಸ್‌ಬುಕ್ಕಿನಲ್ಲಿ ಒಂದು ಸಾಲು ಬೀಳುತ್ತದೆ.

ಕೊನೆಯ ಹೊಸ್ತಿಲು ನನ್ನ ಕೌಂಟರು. ಮಗುವಿಗೆ ಹದಿನೆಂಟು ತುಂಬುವವರೆಗೆ ತಾಯಿಯ ರುಜು ನಡೆಯುತ್ತದೆ. ಆಮೇಲೆ ಕಾನೂನಿನ ಪ್ರಕಾರ ಅವನು ವಯಸ್ಕ. ಮಾತು ಬಾರದಿರಲಿ, ಹಾಸಿಗೆಯಿಂದ ಏಳದಿರಲಿ, ಅವನ ಖಾತೆಗೆ ಅವನೇ ಯಜಮಾನ. ಒಬ್ಬ ತಾಯಿಗೆ ನಾನಿದನ್ನು ಹೇಳಿದಾಗ ಆಕೆ, "ಅಣ್ಣಾ, ಹೆತ್ತವಳು ನಾನು. ಇವತ್ತಿಗೂ ಅವನಿಗೆ ಬಾಯಿಗೆ ಅನ್ನ ಕೊಡುವವಳು ನಾನು. ಇನ್ನು ಯಾರು ಬರೆದು ಕೊಡಬೇಕು?" ಎಂದರು. ನಿಯಮ ಪುಸ್ತಕದಲ್ಲಿ ಆ ಪ್ರಶ್ನೆಗೆ ಉತ್ತರ ಉಂಟು, ಆದರೆ ಅದನ್ನು ಆ ಮುಖ ನೋಡಿ ಹೇಳುವುದು ಕಷ್ಟ.

ಬರೆದು ಕೊಡುವವರು ಇದ್ದಾರೆ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯ ಪ್ರಕಾರ ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಉಳ್ಳ ವಯಸ್ಕರಿಗೆ ಪಾಲಕರನ್ನು ನೇಮಿಸುವ ಸಮಿತಿ ಜಿಲ್ಲೆಯಲ್ಲಿರುತ್ತದೆ. ಆ ಸಮಿತಿಯಲ್ಲಿ ಒಬ್ಬ ಸರಕಾರಿ ಅಧಿಕಾರಿ, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ, ಅಂಗವೈಕಲ್ಯ ಉಳ್ಳ ಒಬ್ಬರು ಒಂದೇ ಮೇಜಿನ ಸುತ್ತ ಕೂರುತ್ತಾರೆ. ಆ ಪತ್ರ ತಂದರೆ ಬ್ಯಾಂಕು ಒಪ್ಪುತ್ತದೆ. ಆ ತಾಯಿಗೆ ಕನ್ನಡ ಓದಲು ಬರುತ್ತಿತ್ತು, ಮಲಯಾಳ ಬರುತ್ತಿರಲಿಲ್ಲ. ಮಗ ಹೋಗುತ್ತಿದ್ದ ಬಡ್ಸ್ ಶಾಲೆಯ ಮಲಯಾಳಿ ಟೀಚರು ರಜಾದಿನ ಮನೆಗೆ ಬಂದು ಅರ್ಜಿ ತುಂಬಿಸಿಕೊಟ್ಟರು. ವಾರ್ಡಿನ ಮೆಂಬರು ಕಲೆಕ್ಟರೇಟಿಗೆ ಜತೆಗೆ ಹೋದರು. ನಾನು ಬೇಕಾದ ಕಾಗದಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದುಕೊಟ್ಟೆ. ಪತ್ರ ಬಂತು. ಇದರಲ್ಲಿ ಯಾರದೂ ದೊಡ್ಡಸ್ತಿಕೆಯಿಲ್ಲ. ನಡುವಿನ ದಾರಿಯಲ್ಲಿ ಮೂವರು ಸ್ವಲ್ಪ ಹೊತ್ತು ನಿಂತದ್ದಷ್ಟೆ.

ಇದನ್ನು ಓದುವ ಮನೆಗಳಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಅಂದು ಮಕ್ಕಳೆಂದು ಪಟ್ಟಿಗೆ ಸೇರಿದವರಲ್ಲಿ ಹಲವರಿಗೆ ಈಗ ಮೂವತ್ತು, ನಲುವತ್ತು ದಾಟಿದೆ. ಅವರನ್ನು ಎತ್ತಿ ಮೀಯಿಸುವ ತಾಯಂದಿರ ಸೊಂಟ ಬಗ್ಗಿದೆ. ತನ್ನ ಕಾಲಾನಂತರ ಇವನಿಗೆ ಯಾರು ಎಂಬ ಪ್ರಶ್ನೆಗೆ ಆಸ್ಪತ್ರೆಯೊಂದೇ, ಪಂಚಾಯತೊಂದೇ, ಬ್ಯಾಂಕೊಂದೇ ಉತ್ತರ ಕೊಡಲಾರದು. ನಿಮ್ಮ ನೆರೆಮನೆಯಲ್ಲಿ ಅಂಥವರಿದ್ದರೆ ಪಾಲಕರ ಪತ್ರ ಆಗಿದೆಯೇ, ಮುಂದಿನ ಪಾಲಕರು ಯಾರೆಂದು ಮನೆಯೊಳಗೆ ಮಾತಾಗಿದೆಯೇ ಎಂದು ಈ ವಾರವೇ ಕೇಳಿ. ಆಗಿಲ್ಲವೆಂದರೆ ಅರ್ಜಿ ಹಿಡಿದು ಅವರ ಜತೆ ಒಂದು ದಿನ ನಡೆಯಿರಿ.